ಒಂದು ಹನಿ ನೀರೂ ಮುಟ್ಟದ ಅಡುಗೆ

ಡ್ರಮ್ಮಿನೊಳಗೆ ಮಾಂಸ ತೂಗುಹಾಕಿ, ಮುಚ್ಚಳ ಮುಚ್ಚಿ, ಬರೀ ಹೊಗೆಯಲ್ಲಿ ಬೇಯಿಸುವ ವಿದ್ಯೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಗೆ ಹೇಗೆ ಬಂತೆಂದು ಮುಂದೆ ಯಾರಾದರೂ ಸಂಶೋಧನೆ ಮಾಡಿದರೆ, ಅವರು ಮನಗೂಳಿಯ ಊರಬಾಗಿಲ ಪಕ್ಕದ ನಮ್ಮ ಅಗಸಿ ಓಣಿಗೆ ಬರಲೇಬೇಕು. ಬಂದರೆ ಐದು ಮಂದಿ ಐದು ಕಥೆ ಹೇಳುತ್ತಾರೆ. ಐದರಲ್ಲಿಯೂ ಹೇಳಿದವರೇ ನಾಯಕರು. ಯಾವುದರಲ್ಲಿಯೂ ನಾಯಕನಲ್ಲದವನು ನಾನೊಬ್ಬನೇ ಆದ್ದರಿಂದ ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ.

ವಿದ್ಯೆ ತಂದವನು ಅಮೋಘಸಿದ್ಧ. ಹೆಸರಿನಲ್ಲಿ ಸಿದ್ಧ ಇದ್ದರೂ ಅವನು ಯಾವತ್ತೂ ಯಾವುದಕ್ಕೂ ಸಿದ್ಧನಾಗಿದ್ದವನಲ್ಲ. ಎಪ್ಪತ್ತರ ದಶಕ, ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ಅಲ್ಲಿನ ಗೇಟಿನಲ್ಲಿ ಲಾರಿ ಬಂದರೆ ಅಡ್ಡಕೋಲು ಎತ್ತುವುದು, ಹೋದರೆ ಇಳಿಸುವುದು ಇವನ ನೌಕರಿ. ಆದರೆ ಶನಿವಾರ ಸಂಜೆ ಊರಿಗೆ ಬಂದು ಬಸ್ಸಿನಿಂದ ಇಳಿದನೆಂದರೆ, "ಈ ವಾರ ನಾವು ಹೊಳಿ ಒಂದೀಟು ತಡದೇವಿ ನೋಡ್ರಿ" ಎನ್ನುತ್ತಿದ್ದ. ಕೃಷ್ಣೆ ಇವನ ಅಪ್ಪಣೆ ಕೇಳಿಯೇ ಮುಂದಕ್ಕೆ ಹರಿಯುತ್ತಾಳೆಂದು ತಾಯಿ ಸುಂದರವ್ವ ನಂಬಿದ್ದಳು. ತಂಗಿ ಕಸ್ತೂರೆವ್ವ ನಂಬಿರಲಿಲ್ಲ.

"ಹೊಳಿ ತಡಿಯೋದು ಇರ್ಲಿ ಅಣ್ಣಾ, ಮಳಿ ಬಂದ್ರ ನಮ್ಮ ಮಾಳಗಿ ಸೋರತೈತಿ. ಮೊದಲ ಅದನ್ನ ತಡಿ."

ಆಲಮಟ್ಟಿಯ ಕ್ಯಾಂಪಿನಲ್ಲಿ ಅಮೆರಿಕಕ್ಕೆ ತರಬೇತಿಗೆ ಹೋಗಿ ಬಂದ ಇಂಜಿನಿಯರ್ ಸಾಹೇಬರೊಬ್ಬರಿದ್ದರು. ಅವರು ಬಂಗಲೆಯ ಹಿಂದೆ ಒಂದು ಹಳೆಯ ಡ್ರಮ್ಮಿಟ್ಟುಕೊಂಡು ಸಂಜೆ ಹೊತ್ತು ಏನೋ ಬೇಯಿಸುತ್ತಿದ್ದರು. ಅಮೋಘಸಿದ್ಧ ಅದನ್ನು ಮುಳ್ಳುತಂತಿಯ ಈಚೆಯಿಂದ ಕಂಡಿದ್ದ. ಡ್ರಮ್ಮಿನ ಹೊರಗನ್ನು ಪೂರ್ತಿ ಕಂಡಿದ್ದ, ಒಳಗನ್ನು ಕಂಡಿರಲಿಲ್ಲ. ವಾಸನೆ ಮಾತ್ರ ಮೂಗು ತುಂಬ ಬಂದಿತ್ತು. ಉಳಿದದ್ದನ್ನು ಸಾಹೇಬರ ಜವಾನ ಹೇಳಿದ್ದ: ಒಳಗೆ ಕೊಂಡಿಗೆ ಮಾಂಸ ತೂಗುಹಾಕುತ್ತಾರೆ, ನೀರು ಮುಟ್ಟಿಸುವುದಿಲ್ಲ, ಆಗುವವರೆಗೆ ಮುಚ್ಚಳ ತೆಗೆಯುವುದಿಲ್ಲ. ಇಷ್ಟು ಬಂಡವಾಳದ ಮೇಲೆ ಅಮೋಘಸಿದ್ಧ ದೊಡ್ಡ ವ್ಯಾಪಾರಕ್ಕೆ ಇಳಿದ.

ಇಳಿದದ್ದು ಸಿಂದಗಿಯ ಒಂದು ಮದುವೆ ಊಟದ ಪಂಕ್ತಿಯಲ್ಲಿ. ಮಗ್ಗುಲಿಗೆ ಕುಳಿತವರು ಇಂಡಿಯ ಸಂಗಣ್ಣ. ನಿಂಬೆ ತೋಟದ ಮಾಲಕರು, ಆದರೆ ಹೆಸರುವಾಸಿಯಾದದ್ದು ನಾಲಿಗೆಯಿಂದ. ಮಗ ಬೀರಣ್ಣನಿಗೆ ಕನ್ಯೆ ನೋಡುತ್ತಿದ್ದ ಅವರು, ಒಂದು ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಇನ್ನೊಂದು ಮನೆಯಲ್ಲಿ ಕಡಿಮೆಯಾಯಿತೆಂದು ಹುಡುಗಿ ಹೊರಗೆ ಬರುವ ಮೊದಲೇ ಎದ್ದು ಬಂದಿದ್ದರು. ಬೀರಣ್ಣ ವಿಜಾಪುರದಿಂದ ಮನಗೂಳಿ ಮೇಲೆ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ನಮ್ಮ ಕಸ್ತೂರೆವ್ವ ಬಾಗೇವಾಡಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದುದು ಇದೇ ಬಸ್ಸಿನಲ್ಲಿ. ಅವಳು ಓಣಿಯ ತಿರುವಿನಲ್ಲಿ ಕಂಡರೆ ಬಸ್ಸಿಗೆ ಏನಾದರೊಂದು ರಿಪೇರಿ ಬಂದು ನಿಲ್ಲುತ್ತಿತ್ತು. ಅವಳು ಹತ್ತಿದ ಮೇಲೆ ತಾನಾಗಿಯೇ ದುರಸ್ತಿಯಾಗುತ್ತಿತ್ತು. ಇದು ಇಡೀ ಓಣಿಗೆ ಗೊತ್ತು. ಗೊತ್ತಿಲ್ಲದವನು ಅವಳ ಅಣ್ಣ ಒಬ್ಬನೇ.

ಪಂಕ್ತಿಯಲ್ಲಿ ಸಂಗಣ್ಣ ತುತ್ತು ಬಾಯಿಗಿಟ್ಟು ಮುಖ ಗಂಟಿಕ್ಕಿದರು. "ಎಲ್ಲಿ ಹೋದ್ರೂ ಇದ ಹಾಡು. ನೀರಾಗ ಕುದಸ್ತಾರ, ಖಾರ ಹಾಕ್ತಾರ, ಮಟನ್ ಅಂತಾರ."

"ನಮ್ಮ ಡ್ಯಾಮಿನ್ಯಾಗ ಹಂಗಿಲ್ರಿ ಮಾಮಾರ," ಎಂದ ಅಮೋಘಸಿದ್ಧ. "ನಾವು ಮಟನ್‌ಗೆ ಒಂದು ಹನಿ ನೀರು ಮುಟ್ಟಸಂಗಿಲ್ಲ. ಡ್ರಮ್ಮಿನ್ಯಾಗ ತೂಗ ಹಾಕಿ ಹೊಗಿ ಕೊಡ್ತೇವ್ರಿ. ಅಮೆರಿಕಾದ ಪದ್ಧತಿ."

"ನೀರಿಲ್ಲದ? ಗಂಟಲದಾಗ ಹೆಂಗ ಇಳೀತೈತಿ ತಮ್ಮಾ?"

"ಬೆಣ್ಣಿ ಇಳದಂಗ್ರಿ."

"ನೀ ತಿಂದಿಯೇನು?"

ಇಲ್ಲಿ ಮನುಷ್ಯ "ಇಲ್ಲ" ಎನ್ನಬಹುದಿತ್ತು. ಎರಡೇ ಅಕ್ಷರ. ಅಮೋಘಸಿದ್ಧ, "ವಾರಕ್ಕೊಮ್ಮೆ ಆಗ್ತೈತ್ರಿ," ಎಂದ.

ಸಂಗಣ್ಣ ಅವನ ಕಡೆ ಪೂರ್ತಿ ತಿರುಗಿ ಕುಳಿತರು. ಮನೆ ಯಾವುದು, ಕುಲ ಯಾವುದು, ತಂಗಿ ಇದ್ದಾಳೆಯೇ ಎಂದು ಕೇಳಿದರು. "ಹಂಗಾರ ಮುಂದಿನ ಐತವಾರ ಹುಡಗೀ ನೋಡಾಕ ಬರ್ತೇವಿ. ಅದ ಊಟ ಮಾಡಸು. ಉಪ್ಪಿನ ಮ್ಯಾಲ ನಿಗಾ ಇಡು ಮತ್ತ. ಉಪ್ಪು ತಪ್ಪಿದ ಮನಿಗಿ ನಾ ಮಗನ್ನ ಕೊಡಾಂವಲ್ಲ."

ಬೀಗರಾಗುವ ಮೊದಲೇ ಬೀಗುತ್ತ ಅಮೋಘಸಿದ್ಧ ಮನೆಗೆ ಬಂದ. ಸಂಗತಿ ಕೇಳಿದ ಕಸ್ತೂರೆವ್ವ ಮೊದಲು ಕೆಂಪಾದಳು, ಹುಡುಗ ಯಾರೆಂದು ತಿಳಿದದ್ದಕ್ಕೆ. ಆಮೇಲೆ ಬಿಳಿಚಿದಳು, ಅಡುಗೆ ಯಾರದೆಂದು ತಿಳಿದದ್ದಕ್ಕೆ.

"ಅಣ್ಣಾ, ಹೊಗ್ಯಾಗ ಕುರಿ ಸುಟ್ಟು ಹೋದ್ರ ಹೋಗ್ಲಿ. ಸಂಬಂಧ ಸುಟ್ಟು ಹೋತಂದ್ರ ಅದ ಡ್ರಮ್ಮಿನ್ಯಾಗ ನಿನ್ನ ತೂಗ ಹಾಕ್ತೇನಿ, ಮುಚ್ಚಳಾ ತಗ್ಯಂಗಿಲ್ಲ."

ಡ್ರಮ್ಮಿನ ಕೆಲಸ ಬಿದ್ದದ್ದು ಬಸ್ ನಿಲ್ದಾಣದ ಬೇವಿನ ಗಿಡದ ಕೆಳಗಿನ ಫಕ್ರುದ್ದೀನನಿಗೆ. ಅವನು ಬಂಡಿಯ ಅಚ್ಚಿನಿಂದ ಹಿಡಿದು ಪಂಪಿನ ಕೊಳವೆಯವರೆಗೆ ಏನನ್ನಾದರೂ ಬೆಸೆಯುತ್ತಿದ್ದ. ಎಣ್ಣೆ ಗಿರಣಿಯಿಂದ ಕುಸುಬಿ ಎಣ್ಣೆಯ ಖಾಲಿ ಡ್ರಮ್ಮು ಉರುಳಿಸಿಕೊಂಡು ಬಂದ ಅಮೋಘಸಿದ್ಧ, ಏನು ಮಾಡಬೇಕೆಂದು ಹೇಳಿದ, ಯಾತಕ್ಕೆಂದು ಹೇಳಲಿಲ್ಲ. ಅಮೆರಿಕದ ವಿದ್ಯೆ ಬೀಗರಿಗಿಂತ ಮೊದಲು ಓಣಿಗೆ ತಿಳಿದರೆ ಅದರ ಬೆಲೆ ಏನುಳಿಯಿತು?

"ಕೆಳಗ ಬೆಂಕಿ. ಬೆಂಕಿಯಿಂದ ನಡುವ ಒಂದು ಕೊಳವಿ ಮ್ಯಾಲ ಬರಬೇಕು. ಮ್ಯಾಲ ಮುಚ್ಚಳ. ಮುಚ್ಚಳಕ್ಕ ಹೊಗಿ ಹೋಗಾಕ ತೂತು."

"ತಿಳೀತ್ ಭಾಯಿ, ತಿಳೀತ್," ಎಂದ ಫಕ್ರುದ್ದೀನ. ತಿಳಿಯದೆ ಏನು? ವಿಜಾಪುರದ ಸಾಹುಕಾರರ ಮನೆಗಳಲ್ಲಿ ಸ್ನಾನದ ನೀರು ಕಾಯಿಸುವ ಬಂಬ ಇರುವುದೇ ಹೀಗೆ. ಕೆಳಗೆ ಬೆಂಕಿ, ನಡುವೆ ಕೊಳವೆ, ಕೊಳವೆಯ ಸುತ್ತ ನೀರು. ಮೇಲಿನ ಬಾಯಿಗೆ ತಣ್ಣೀರು ಸುರಿದರೆ ಕೆಳಗಿನ ನಳದಲ್ಲಿ ಬಿಸಿನೀರು. ಅಂಥದೊಂದನ್ನು ಮಾಡಬೇಕೆಂದು ಫಕ್ರುದ್ದೀನ ಎಷ್ಟೋ ದಿನದಿಂದ ಕೈ ತುರಿಸಿಕೊಳ್ಳುತ್ತಿದ್ದ.

"ಕೊಳವಿ ಮುಚ್ಚಳದ ಮಟ ಬರಬಾರ್ದು ಫಕ್ರುಭಾಯಿ. ಡ್ರಮ್ಮಿನ ಒಳಗ ಅರ್ಧಕ್ಕಿಂತ ಒಂದೀಟು ಮ್ಯಾಲ ನಿಲ್ಲಲಿ."

"ಹಂಗ ನಿಂತ್ರ ಹೊಗಿ ಎಲ್ಲಾ ಒಳಗ ತುಂಬತೈತಲ್ಲೋ. ವಾಸ ಬಡೀತೈತಿ."

"ಅದ ಬೇಕು."

"ಹೊಗಿ ವಾಸ ಬೇಕು?"

"ಅಮೆರಿಕಾದಾಗ ಹಂಗ. ಮ್ಯಾಲ ಒಂದು ಅಡ್ಡಸಳಿ ಹಾಕಿ, ನಾಕೆಂಟು ಕೊಂಡಿ ಬಿಡು."

ಫಕ್ರುದ್ದೀನ ಮುಂದೆ ಕೇಳಲಿಲ್ಲ. ಬಿಳಿಯ ಜನ ಹೊಗೆವಾಸನೆಯ ನೀರಿನಲ್ಲಿ ಜಳಕ ಮಾಡುವುದರಿಂದಲೇ ಆಮೇಲೆ ಅಷ್ಟೊಂದು ಅತ್ತರು ಬಳಿದುಕೊಳ್ಳುತ್ತಾರೆ, ಕೊಂಡಿಗಳಿರುವುದು ಟಾವೆಲು ಬೆಚ್ಚಗಿಡಲು ಎಂದು ತನ್ನೊಳಗೇ ತೀರ್ಮಾನಿಸಿ ಬೆಸುಗೆ ಹಚ್ಚಿದ.

ಮುಂದಿನ ಶನಿವಾರ ಅಮೋಘಸಿದ್ಧ ಬಂದು ನೋಡುತ್ತಾನೆ, ಡ್ರಮ್ಮು ಮೂರು ಕಾಲಿನ ಮೇಲೆ ಮದುಮಗನಂತೆ ನಿಂತಿದೆ. ಹೇಳಿದ್ದೆಲ್ಲ ಇದೆ. ಹೇಳದೆ ಇದ್ದದ್ದು ಎರಡು ಹೆಚ್ಚಿಗೆ ಇವೆ: ತಳದಲ್ಲಿ ಹಿತ್ತಾಳೆಯ ನಳ, ಮೇಲೆ ಮಗ್ಗುಲಿಗೆ ಲಾಳಿಕೆಯಂಥ ಅಗಲ ಬಾಯಿ.

"ಇವು?" ಎಂದ.

"ಇವಿಲ್ಲದ ಹೆಂಗ?" ಎಂದ ಫಕ್ರುದ್ದೀನ.

ಡ್ರಮ್ಮಿನ ಒಳಗು ಕಾಣದವನು ಹೇಗೆ ವಾದಿಸಿಯಾನು? ನಳ ಬಹುಶಃ ಕೊಬ್ಬು ಇಳಿಸುವುದಕ್ಕೆ, ಲಾಳಿಕೆ ಮಸಾಲೆ ಉದುರಿಸುವುದಕ್ಕೆ. "ಹಾಂ, ಹಾಂ. ನಾನ ಹೇಳೂದು ಮರತಿದ್ದೆ," ಎಂದ. ಇಬ್ಬರೂ ಪರಸ್ಪರರ ಜ್ಞಾನಕ್ಕೆ ತಲೆದೂಗಿ ಬೀಳ್ಕೊಂಡರು.

ಫಕ್ರುದ್ದೀನನ ಹೆಂಡತಿ ಪೀರಬಿ ಬಾವಿಗೆ ಹೋದಳು. ಇಷ್ಟು ಬರೆದರೆ ಸಾಕು. ಅವಳು ಕೊಡ ತುಂಬಿಸಿ ಮೇಲೆತ್ತುವುದರೊಳಗೆ, ಆಲಮಟ್ಟಿಯ ಅಮೋಘಸಿದ್ಧ ಅಮೆರಿಕದ ಬಂಬ ಮಾಡಿಸಿದ್ದಾನೆ, ಬೀಗರಿಗೆ ಬಿಸಿನೀರಿನ ಜಳಕ ಮಾಡಿಸುತ್ತಾನಂತೆ ಎಂಬುದು ಇಡೀ ಓಣಿಗೆ ಗೊತ್ತಾಯಿತು. ಅದು ಮಾಗಿಯ ಚಳಿ. ಹಂಡೆಗೆ ಕಟ್ಟಿಗೆ ಹೊಂದಿಸುವುದರೊಳಗೆ ಜಳಕದ ಆಸೆಯೇ ಆರುವ ಕಾಲ. ಓಣಿಗೆ ಓಣಿಯೇ ಅಮೋಘಸಿದ್ಧನನ್ನು ಹೊಗಳತೊಡಗಿತು. ಹೊಗಳಿಕೆಯಲ್ಲಿ ಹೊಗೆ ಎಷ್ಟು, ನೀರು ಎಷ್ಟು ಎಂದು ಅವನಿಗೆ ತಿಳಿಯಲಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಗುಂಡವ್ವ. ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೂ ಹೊಸ್ತಿಲಲ್ಲಿ ಅವರ ಕಾಲಿಗೆ ನೀರು ಕೊಡುವ ಹಕ್ಕು ಅವಳದು. ಯಾರು ಕೊಟ್ಟದ್ದೆಂದು ಯಾರೂ ಕೇಳಿದ್ದಿಲ್ಲ.

"ಅಮೋಘ್ಯಾ, ಬೀಗರದು ಮುಗದ ಮ್ಯಾಲ ಉಳದ್ರ ನಮ್ಮ ಮನಿಯವ್ರಿಗೆ ಒಂದು ಬಕೀಟು ಕೊಡಪಾ. ಈ ಚಳ್ಯಾಗ ಅವರ ಮೊಣಕಾಲು ಹಿಡಕೊಂಡ ಬಿಟ್ಟಾವ."

ಕುರಿಕಾಲಿನ ಸೂಪು ಮೊಣಕಾಲಿಗೆ ಒಳ್ಳೆಯದೆಂಬುದು ಲೋಕಕ್ಕೆಲ್ಲ ಗೊತ್ತಿದ್ದ ಮಾತು. ಗುಟ್ಟು ಬಯಲಾದದ್ದಕ್ಕೆ ಅಮೋಘಸಿದ್ಧನಿಗೆ ಕೆಡುಕೆನಿಸಿದರೂ, ಬಕೀಟು ಕೇಳಿ ಗಾಬರಿಯಾಯಿತು. "ಬಕೀಟು ಹೆಚ್ಚಾತು ಚಿಗವ್ವ. ಒಂದು ವಾಟಗಾ ಕೊಡ್ತೇನಿ."

"ವಾಟಗದಾಗ ಒಂದು ಮೊಣಕಾಲೂ ತೊಯ್ಯಂಗಿಲ್ಲಲ್ಲೋ!"

"ಹಂಗಾರ ಕಾಲು ನಿಮಗಂತ ತಗದ ಇಡ್ತೇನಿ, ತಗೋ."

"ಕಾಲು ಯಾಕಪಾ, ಮನಸ್ಸ ಮಾಡಿದ್ರ ಅರ್ಧಾ ಕೊಡ್ತಿ," ಎನ್ನುತ್ತ ಗುಂಡವ್ವ ಖುಷಿಯಿಂದ ಹೋದಳು.

ಆಮೇಲೆ ಬಂದವರು ಪಂಚಾಯತಿಯ ಕಾರ್ಯದರ್ಶಿ ಮಡಿವಾಳಪ್ಪನವರು. ಇವರು ಕಡತಗಳೊಂದಿಗೆ ಬಾಳಿ ಬಾಳಿ ಮಾತನ್ನೂ ಕಡತದಿಂದಲೇ ತೆಗೆಯುತ್ತಿದ್ದರು. ಮನೆಯಲ್ಲಿ ಹೆಂಡತಿಗೂ, "ಸದರಿ ಸಾರಿಗೆ ಒಗ್ಗರಣೆ ಬಿದ್ದ ಬಗ್ಗೆ ಖಾತ್ರಿ ಇಲ್ಲ," ಎನ್ನುತ್ತಿದ್ದರಂತೆ. ಅವರು ಡ್ರಮ್ಮನ್ನು ಸುತ್ತಿ, ನಳವನ್ನು ಒಮ್ಮೆ ತಿರುವಿ ನೋಡಿದರು.

"ಉಪಕರಣ ಸಮಾಧಾನಕರವಾಗಿ ಐತಿ. ಇನ್ನು ಇದರೊಳಗ ಹಾಕತಕ್ಕದ್ದನ್ನ ಎಲ್ಲಿಂದ ತರಸ್ತೀ?"

"ಕನ್ನೊಳ್ಳಿಯಿಂದ್ರಿ ಸಾಹೇಬ್ರ. ನಮ್ಮ ಸೋದರಮಾವ ತರ್ತಾನ."

"ಸಿಂದಗಿ ತಾಲೂಕಿನ ಕನ್ನೊಳ್ಳಿಯಿಂದ? ಅಷ್ಟು ದೂರದಿಂದ ಹೊತಗೊಂಡು?"

"ಹೊರೂದು ಯಾಕ್ರಿ, ನಡಸ್ಕೊಂತ ಬರ್ತಾನ."

ಮಡಿವಾಳಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಪಾ, ಸದರಿ ಓಣಿಯ ತುದಿಗೇ ಪಂಚಾಯತಿಯ ಬಾವಿ ಇರತಕ್ಕದ್ದು. ಅದರಾಗ ಬೇಕಾದಷ್ಟು ಐತಿ. ಅದನ್ನ ಬಿಟ್ಟು ಕನ್ನೊಳ್ಳಿಗೆ ಹೋಗೋ ಕಾರಣ?"

ಬಾವಿಯಲ್ಲಿ ಯಾರದೋ ಕುರಿ ಬಿದ್ದಿರಬೇಕು, ಪಂಚಾಯತಿಯವರು ಅದನ್ನು ಸಾಗಹಾಕಲು ಗಿರಾಕಿ ಹುಡುಕುತ್ತಿರಬೇಕು ಎಂದುಕೊಂಡ ಅಮೋಘಸಿದ್ಧ. ಮೆತ್ತಗೆ ಹೇಳಿದ: "ಬ್ಯಾಡ್ರಿ ಸಾಹೇಬ್ರ. ಬಾವ್ಯಾಗಿಂದು ನಾಯಿಗಿ ಹಾಕ್ರಿ. ನಾವು ಮರ್ಯಾದಸ್ತ ಬೀಗರಿಗೆ ಮಾಡೋರು."

ಮಡಿವಾಳಪ್ಪನವರ ಮುಖದಲ್ಲಿ ಏನಾಯಿತೆಂಬುದನ್ನು ವರ್ಣಿಸಲು ಕಡತದ ಭಾಷೆ ಸಾಲದು. ಆ ಬಾವಿಯ ಹೂಳು ತೆಗೆಸಿದ್ದು ಅವರು. ಕಟ್ಟೆ ಕಟ್ಟಿಸಿದ್ದು ಅವರು. ಅದರ ನೀರನ್ನು ನಾಯಿಗೆ ಹಾಕಬೇಕೆ? ಅವರು ಕನ್ನಡಕ ಏರಿಸಿಕೊಂಡು ಹೊರಟರು. ಅಗಸಿ ದಾಟುವಾಗ ಗುಂಡವ್ವ ಸಿಕ್ಕಳು. ಅವಳ ಮುಂದೆ ಮಾತ್ರ ಹೇಳಿದರು: "ನಾಳಿ ಇಂಡಿ ಮಂದಿ ಸದರಿ ಬಾವಿಯ ನೀರಿನಿಂದಲೇ ಜಳಕ ಮಾಡತಕ್ಕದ್ದು. ನಾನೇ ಖುದ್ದ ನಿಂತು ತುಂಬಸ್ತೇನಿ."

ಐತವಾರ ಬೆಳಿಗ್ಗೆ ಕನ್ನೊಳ್ಳಿಯ ಕುರಿ ತುಂಡುತುಂಡಾಗಿ ಪರಾತದಲ್ಲಿ ಕುಳಿತಿತ್ತು. ಅರಿಷಿಣ, ಖಾರ, ಬಳ್ಳೊಳ್ಳಿ ಎಲ್ಲ ಸವರಿ ಆಗಿತ್ತು. ಅಮೋಘಸಿದ್ಧ ಮಾತ್ರ ಇಡೀ ಮನೆಯಲ್ಲಿ "ಉಪ್ಪು, ಉಪ್ಪು" ಎಂದು ಜಪ ಮಾಡುತ್ತ ಓಡಾಡುತ್ತಿದ್ದ. ಈ ಜಪ ತಾಳದೆ ಸುಂದರವ್ವ ಒಂದು ಬೊಗಸೆ ಉಪ್ಪು ತಂದು ಸವರಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅದನ್ನು ನೋಡದ ಕಸ್ತೂರೆವ್ವ, ಅಣ್ಣ ಮರೆತೇ ಮರೆಯುತ್ತಾನೆಂಬ ಖಾತ್ರಿಯಿಂದ ಇನ್ನೊಂದು ಬೊಗಸೆ ಸವರಿ ಸೀರೆ ಉಡಲು ಹೋದಳು. ಕೊನೆಗೆ ಅಮೋಘಸಿದ್ಧ, ಈ ಹೆಂಗಸರನ್ನು ನಂಬಿದರೆ ಸಂಬಂಧ ಕೆಟ್ಟಂತೆಯೇ ಎಂದು ತನ್ನ ಅಗಲ ಕೈಯ ಒಂದು ಬೊಗಸೆ ಸೇರಿಸಿದ. ಆ ಹೊತ್ತಿಗೆ ಅದನ್ನು ಯಾರಾದರೂ ನಾಲಿಗೆಗೆ ಇಟ್ಟಿದ್ದರೆ ಸಮುದ್ರ ಇಲ್ಲೇ ಎಲ್ಲೋ ಹತ್ತಿರವಿದೆ ಎನ್ನುತ್ತಿದ್ದರು.

ತುಂಡುಗಳನ್ನು ಕೊಂಡಿಗೆ ಸಿಕ್ಕಿಸಿ, ಮುಚ್ಚಳ ಮುಚ್ಚಿ, ಕೆಳಗೆ ಜಾಲಿ ಕಟ್ಟಿಗೆಯ ಬೆಂಕಿ ಹಚ್ಚಿ ಅಮೋಘಸಿದ್ಧ ಆಜ್ಞೆ ಮಾಡಿದ: "ಯವ್ವಾ, ನಾ ಬರೂ ಮಟ ಮುಚ್ಚಳಾ ಯಾರೂ ಮುಟ್ಟಬಾರ್ದು." ರುಮಾಲು ಸುತ್ತಿಕೊಂಡು ಬೀಗರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದ.

ಮುಚ್ಚಳವನ್ನು ಯಾರೂ ಮುಟ್ಟಲಿಲ್ಲ. ಅವನು ಅಗಸಿ ದಾಟುತ್ತಲೇ, ಹೆಗಲ ಮೇಲೆ ಟಾವೆಲು ಹಾಕಿಕೊಂಡು ಮಡಿವಾಳಪ್ಪನವರು ಅಂಗಳಕ್ಕೆ ಬಂದರು. ಹಿಂದೆ ಗುಂಡವ್ವ, ಪೀರಬಿ, ಓಣಿಯ ಇನ್ನೂ ನಾಲ್ಕೈದು ಹೆಂಗಸರು, ತಲೆಯ ಮೇಲೆ ಒಂದೊಂದು ಕೊಡ. ಒಂದಾದ ಮೇಲೊಂದು ಕೊಡ ಲಾಳಿಕೆಯೊಳಗೆ ಗುಳುಗುಳು ಎಂದು ಇಳಿಯಿತು. ಒಳಗಿನಿಂದ ಚುಂಯ್ ಎಂದು ದೊಡ್ಡ ಸದ್ದಾಗಿ ಮುಚ್ಚಳದ ತೂತಿನಿಂದ ಬಿಳಿಯ ಹೊಗೆ ಎದ್ದಿತು.

"ಕಾಯಾಕ ಹತ್ತಿತು," ಎಂದಳು ಪೀರಬಿ ಹೆಮ್ಮೆಯಿಂದ.

"ಯಾರದು ಅಂಗಳದಾಗ?" ಎಂದು ಸುಂದರವ್ವ ಒಲೆಯ ಮುಂದಿನಿಂದ ಕೂಗಿದಳು.

"ನಾವ ಯಕ್ಕಾ! ನೀರು ತಂದೇವಿ!"

ಬೀಗರು ಬರುವ ದಿನ ಓಣಿಯವರು ಒಂದೊಂದು ಕೊಡ ನೀರು ತಂದು ಹಾಕುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಸುಂದರವ್ವ, "ಪುಣ್ಯಾ ಬರ್ಲೆವ್ವಾ ನಿಮಗ," ಎಂದು ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಇತ್ತ ಬಸ್ಸಿನ ಪತ್ತೆಯಿಲ್ಲ. ಅಂದು ಬೀರಣ್ಣನಿಗೆ ರಜೆ ಸಿಕ್ಕಿರಲಿಲ್ಲ. ತನ್ನ ಬಸ್ಸಿನಲ್ಲಿಯೇ ಅಪ್ಪ ಅವ್ವನನ್ನು ಕೂರಿಸಿಕೊಂಡು, ಅಪ್ಪನಿಂದ ಟಿಕೀಟಿನ ದುಡ್ಡು ತೆಗೆದುಕೊಂಡೇ ಹೊರಟಿದ್ದ. ದಾರಿಯಲ್ಲಿ ಗಾಲಿ ಪಂಕ್ಚರ್ ಆಯಿತು. ಈ ಸಲ ನಿಜವಾಗಿಯೂ ಆಯಿತು. ಹತ್ತು ಗಂಟೆಗೆ ಬರಬೇಕಾದ ಬಸ್ಸು ಹೊತ್ತು ನೆತ್ತಿ ಮೀರಿ ವಾಲಿದ ಮೇಲೆ ಬಂದು ನಿಂತಾಗ ಒಳಗಿದ್ದವರೆಲ್ಲ ಹಸಿವಿನಿಂದ ಪರಸ್ಪರರ ಗಂಟುಗಳನ್ನು ದಿಟ್ಟಿಸುತ್ತಿದ್ದರು. ಸಂಗಣ್ಣನ ಹಸಿವಂತೂ ತೀರ್ಪು ಕೊಡುವ ಹದಕ್ಕೆ ಬಂದಿತ್ತು. ಅವರ ಹಿಂದೆ ಒಂದು ಚೀಲ ಇಂಡಿ ನಿಂಬೆಹಣ್ಣು ಹಿಡಿದುಕೊಂಡು ಹೆಂಡತಿ ಶಂಕ್ರೆವ್ವ ಇಳಿದರು.

"ಮೈಬೂಬಣ್ಣಾ, ಹತ್ತ ಮಿನಿಟ ನಿಂದ್ರಸು," ಎಂದು ಡ್ರೈವರನಿಗೆ ಗೋಗರೆದು ಬೀರಣ್ಣನೂ ಚರ್ಮದ ಚೀಲ ಹೆಗಲಿಗಿದ್ದಂತೆಯೇ ಬೆನ್ನು ಹತ್ತಿದ.

ಅಂಗಳಕ್ಕೆ ಬರುತ್ತಲೇ ಅಮೋಘಸಿದ್ಧನ ಕಿವಿಗೆ ಡ್ರಮ್ಮಿನೊಳಗಿನ ಕೊತಕೊತ ಬಿತ್ತು. ಹೊಗೆಯಲ್ಲಿ ತೂಗುವ ಮಾಂಸ ಕೊತಕೊತ ಎನ್ನಬೇಕೋ ಬೇಡವೋ ಅವನಿಗೆ ಗೊತ್ತಿಲ್ಲ.

"ಕೇಳ್ರಿ ಮಾಮಾರ! ಕೊಬ್ಬು ಬಿಡಾಕತ್ತೈತಿ. ಒಂದು ಹನಿ ನೀರಿಲ್ಲ ಮತ್ತ!"

"ವಾಸನಿ ಅಂತೂ ಚಲೋ ಐತಿ," ಎಂದರು ಸಂಗಣ್ಣ.

ಸ್ನಾನ ಮಾಡಲು ಈಗ ವೇಳೆಯಿಲ್ಲ, ಕೈಕಾಲಾದರೂ ತೊಳೆಸಬೇಕೆಂದು ಗುಂಡವ್ವ ತಂಬಿಗೆ ಹಿಡಿದು ನಳದ ಮುಂದೆ ಸಿದ್ಧಳಾಗಿದ್ದಳು. ಅವಳಿಗೆ ಕಣ್ಣು ಮಂದ. ಅದರ ಮೇಲೆ ಆವಿ ಬೇರೆ. ಮಸಾಲೆಯ ವಾಸನೆ ಅಡುಗೆಮನೆಯದೆಂದುಕೊಂಡಿದ್ದಳು. ನಳ ತಿರುವಿದಳು, ಅದರೊಳಗೆ ತಣ್ಣೀರು ಬೆರೆಸಿ ಹದ ಮಾಡಿದಳು, ಹೊಸ್ತಿಲ ಮುಂದೆ ನಿಂತ ಸಂಗಣ್ಣನ ಕಾಲಿಗೆ ಧಾರೆಯಾಗಿ ಸುರಿದಳು.

ಕಾಲು ಹೊಂಬಣ್ಣಕ್ಕೆ ತಿರುಗಿದವು. ಅದರ ಮೇಲೆ ಸಣ್ಣ ಸಣ್ಣ ಎಣ್ಣೆಯ ಚುಕ್ಕೆಗಳು ಬಿಸಿಲಿಗೆ ಮಿಂಚಿದವು.

"ಹೊಸಾ ಬಂಬರಿ," ಎಂದಳು ಗುಂಡವ್ವ ಸಮಾಧಾನ ಹೇಳುತ್ತ. "ಮೊದಲ ನೀರು ಒಂದೀಟು ಕೆಂಪ ಬರತಾವ."

"ಬಂಬ?" ಎಂದ ಅಮೋಘಸಿದ್ಧ.

"ನೀರು?" ಎಂದಳು ಬಾಗಿಲಿಗೆ ಬಂದ ಕಸ್ತೂರೆವ್ವ.

ಎರಡೂ ಮಾತು ಒಟ್ಟಿಗೆ ಬಿದ್ದವು. ಅದೇ ಹೊತ್ತಿಗೆ ಓಣಿಯ ಕರಿಯ ನಾಯಿ ಎಲ್ಲಿಂದಲೋ ಬಂದು, ಇಂಡಿಯ ನಿಂಬೆ ತೋಟದ ಮಾಲಕರ ಬಲಗಾಲನ್ನು ಭಕ್ತಿಯಿಂದ ನೆಕ್ಕತೊಡಗಿತು. ತಾವೂ ಮುಖ ತೊಳೆಯಲೆಂದು ಇನ್ನೊಂದು ತಂಬಿಗೆ ಹಿಡಿದಿದ್ದ ಮಡಿವಾಳಪ್ಪನವರು, ಮೂಗಿಗೆ ವಿಷಯ ಮನವರಿಕೆಯಾಗಿ, ಹಾವು ಹಿಡಿದವರಂತೆ ಅದನ್ನು ಕೆಳಗಿಟ್ಟು ಹಿಂದೆ ಸರಿದರು. ಹುಟ್ಟಿನಿಂದ ಸಸ್ಯಾಹಾರಿ, ಕೂದಲೆಳೆಯ ಅಂತರದಲ್ಲಿ ಉಳಿದುಕೊಂಡರು.

"ಡ್ರಮ್ಮಿನ್ಯಾಗ ನೀರು ಯಾರು ಹಾಕಿದ್ರು?" ಎಂದು ಕೇಳಿದ ಅಮೋಘಸಿದ್ಧ.

"ಪಂಚಾಯತಿ!" ಎಂದರು ಮಡಿವಾಳಪ್ಪನವರು, ಇಷ್ಟಾದರೂ ಬಾವಿಯ ಮಾನ ಬಿಡದೆ.

ಕಸ್ತೂರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೀರಣ್ಣ ಚರ್ಮದ ಚೀಲವನ್ನು ಎದೆಗೆ ಒತ್ತಿಕೊಂಡ. ಅಂಗಳದಲ್ಲಿ ನಾಯಿಯ ನಾಲಿಗೆಯೊಂದನ್ನು ಬಿಟ್ಟು ಯಾವುದೂ ಅಲ್ಲಾಡಲಿಲ್ಲ.

ಸಂಗಣ್ಣ ನಾಯಿಯನ್ನು ನೋಡಿದರು. ಕಾಲನ್ನು ನೋಡಿದರು. ಗುಂಡವ್ವನ ಕೈಯಿಂದ ತಂಬಿಗೆ ಇಸಿದುಕೊಂಡು, ತಳದಲ್ಲಿ ಉಳಿದದ್ದಕ್ಕೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಎರಡು ಸಂಬಂಧ ಮುರಿದ ನಾಲಿಗೆ ಒಳಗೊಳಗೇ ತಿರುಗಾಡಿತು.

"ಉಪ್ಪು..." ಎಂದರು.

ಸುಂದರವ್ವ ರೊಟ್ಟಿ ಹಿಡಿದುಕೊಂಡೇ ದೇವರಿಗೆ ಕೈ ಮುಗಿದಳು.

"ತಣ್ಣೀರು ಬೆರಸಿ ಉಪ್ಪು ಕೆಡಿಸೀರಿ. ಬೆರಸಲಾರದ ತರ್ರಿ!"

ಯಾರು ಓಡಿದರು, ಯಾರು ನಳ ತಿರುವಿದರು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಹೊಸ ತಂಬಿಗೆ ಬಂತು. ಸಂಗಣ್ಣ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು, ಹಲ್ಲಿನಿಂದಲೇ ಸೀಳಿ, ಹಿಂಡಿ, ಊದಿ ಊದಿ ಒಂದು ಗುಟುಕು ಕುಡಿದರು. ಮೂರು ಬೊಗಸೆ ಉಪ್ಪು, ಆರೇಳು ಕೊಡ ನೀರು, ಒಂದು ಕುರಿ, ಅರ್ಧ ದಿನದ ಜಾಲಿ ಹೊಗೆ. ಈ ಲೆಕ್ಕವನ್ನು ಹಾಕಬೇಕೆಂದು ಕುಳಿತರೆ ಯಾರಿಗೂ ಹಾಕಲಾಗುತ್ತಿರಲಿಲ್ಲ.

"ಬರೋಬ್ಬರಿ!" ಎಂದರು ಸಂಗಣ್ಣ. "ಶೇರವಾ ಅಂದ್ರ ಇದು! ಹೊಗಿ ವಾಸ ಒಳಗ ಹೊಕ್ಕೈತಿ ನೋಡು. ಮುಚ್ಚಳಾ ತಗೀರಿ!"

ಮುಚ್ಚಳ ತೆಗೆದರು. ಮೇಲಿನ ಕೊಂಡಿಯಲ್ಲಿ ಉಳಿದ ತುಂಡುಗಳು ಹೊಗೆ ಕುಡಿದು ಕೆಂಪಾಗಿದ್ದವು. ಕೆಳಗೆ ಜಾರಿ ಬಿದ್ದವು ಬೆಣ್ಣೆಯಾಗಿದ್ದವು. ಮೇಲಿನದನ್ನು ಬಾಯಿಗೆ ಇಟ್ಟವರು ಉಪ್ಪಿಗೆ ಕಣ್ಣೀರು ಹಾಕಿ ಓಡಿ ಬಂದು ಶೇರವಾ ಕುಡಿಯುತ್ತಿದ್ದರು. ಹೀಗಾಗಿ ಎರಡೂ ಖರ್ಚಾದವು.

"ಅಲ್ಲೋ ತಮ್ಮಾ," ಎಂದರು ಸಂಗಣ್ಣ ನಡುವೆ ನಿಲ್ಲಿಸಿ, "ಒಂದು ಹನಿ ನೀರು ಮುಟ್ಟಂಗಿಲ್ಲ ಅಂದಿದ್ದಿ? ವಾರಕ್ಕೊಮ್ಮೆ ತಿಂತೇನಿ ಅಂದಿದ್ದಿ?"

ಅಮೋಘಸಿದ್ಧ ಕೈಯೊಳಗಿನ ಎಲುಬನ್ನು ಕೆಳಗಿಟ್ಟ. "ನಾ... ಇವತ್ತ ಮೊದಲನೇ ಸಲ ತಿಂದಿದ್ದರಿ," ಎಂದ.

ಸಂಗಣ್ಣನ ಹುಬ್ಬು ಮೇಲೇರತೊಡಗಿತ್ತು. ಅದು ನೆತ್ತಿ ಮುಟ್ಟುವ ಮೊದಲೇ ಕಸ್ತೂರೆವ್ವ ಚೌಕಟ್ಟು ಬಿಟ್ಟು ಮುಂದೆ ಬಂದಳು.

"ಹೇಳೂದು ಹಂಗ ಹೇಳ್ತಾನ್ರಿ ಮಾಮಾರ. ಆದ್ರ ಅಂವ ಡ್ಯಾಮಿನ್ಯಾಗ ದುಡಿಯೋ ಮನಶ್ಯಾ. ಅಂವ ಏನ ಕಟ್ಟಿದ್ರೂ ಅದರಾಗ ನೀರ ನಿಲ್ಲಬೇಕಲ್ರಿ?"

ಸಂಗಣ್ಣ ನಕ್ಕರು. ಶೇರವಾ ಮೂಗಿಗೆ ಏರುವ ಹಾಗೆ ನಕ್ಕರು. ಶಂಕ್ರೆವ್ವ ಅವರ ಬೆನ್ನು ತಟ್ಟುತ್ತ, "ಇಕೀನ ಇರ್ಲಿರಿ. ನಿಮಗ ಉತ್ತರಾ ಕೊಡಾಕ ನಮ್ಮ ಮನ್ಯಾಗ ಒಬ್ಬರು ಬೇಕು," ಎಂದರು.

ಅಷ್ಟರಲ್ಲಿ ಹಾರ್ನು ಬಡಿದು ಬಡಿದು ಬೇಸತ್ತ ಡ್ರೈವರ್ ಮೈಬೂಬ ವಾಸನೆ ಹಿಡಿದುಕೊಂಡು ಓಣಿಗೆ ಬಂದ. ಅವನನ್ನು ಕರೆಯಲು ಮುದ್ದೇಬಿಹಾಳದ ಇಬ್ಬರು ಪ್ರಯಾಣಿಕರು ಬಂದರು. ಅವರನ್ನು ಕರೆಯಲು ಇಡೀ ಬಸ್ಸು ಬಂತು. ಸುಂದರವ್ವನ ರೊಟ್ಟಿ ಸಾಲದೆ ಓಣಿಯ ಮನೆ ಮನೆಯಿಂದ ರೊಟ್ಟಿ ಬಂದವು. ಫಕ್ರುದ್ದೀನ ನಳದ ಮಗ್ಗುಲಿಗೆ ನಿಂತು ತಿರುವುತ್ತ, "ನಳ ನಾ ಇಟ್ಟಿದ್ದು! ಅಂವ ಹೇಳೇ ಇರಲಿಲ್ಲ!" ಎಂದು ಪ್ರತಿ ಬಟ್ಟಲಿಗೂ ಘೋಷಿಸಿದ. ಗುಂಡವ್ವ ಬಕೀಟು ತಂದಳು. ಅವಳ ಯಜಮಾನರು ಅರ್ಧ ಕುಡಿದು, ಅರ್ಧ ಮೊಣಕಾಲಿಗೆ ತಿಕ್ಕಿಕೊಂಡು, ಮರುದಿನ ಅಗಸಿಯವರೆಗೆ ನಡೆದು ಬಂದರು. ಯಾವ ಅರ್ಧದಿಂದ ಗುಣವಾಯಿತೆಂದು ಅವರಿಗೂ ತಿಳಿಯಲಿಲ್ಲ. ಮಡಿವಾಳಪ್ಪನವರು ಗೋಡೆಯ ಕಡೆ ಮುಖ ಮಾಡಿ ರೊಟ್ಟಿ, ಬೆಲ್ಲ ತಿನ್ನುತ್ತ, ರುಚಿಗೆ ಸದರಿ ಬಾವಿಯ ನೀರೇ ಕಾರಣವೆಂದು ಗೋಡೆಗೆ ಮನವರಿಕೆ ಮಾಡಿಕೊಟ್ಟರು.

ಈ ಗದ್ದಲದಲ್ಲಿ ಕಸ್ತೂರೆವ್ವ ಒಂದು ಬಟ್ಟಲು ಹಿಡಿದುಕೊಂಡು ಬೀರಣ್ಣನ ಮುಂದೆ ಬಂದಳು. ಬಸ್ಸಿನಲ್ಲಿ ಅರವತ್ತು ಮಂದಿಯನ್ನು ಒಂದೇ ದನಿಯಲ್ಲಿ ಹಿಂದಕ್ಕೆ ಸರಿಸುವ ಹುಡುಗ ತಾನೇ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಕೈ ತಾನಾಗಿಯೇ ಚರ್ಮದ ಚೀಲಕ್ಕೆ ಹೋಯಿತು. ರೂಢಿಯ ಒಂದೇ ಮಾತು ಹೊರಬಿತ್ತು:

"ಎಲ್ಲಿಗ್ರಿ?"

"ಇಂಡಿಗ್ರಿ," ಎಂದಳು ಕಸ್ತೂರೆವ್ವ. "ಹೋಗೂದಷ್ಟ. ಹೊಳ್ಳಿ ಬರೂದಿಲ್ಲ."

ಆ ಬೇಸಿಗೆಯಲ್ಲಿ ಮದುವೆಯಾಯಿತು. ಫಕ್ರುದ್ದೀನನಿಗೆ ಮುದ್ದೇಬಿಹಾಳದಿಂದಲೂ ಬಾಗೇವಾಡಿಯಿಂದಲೂ ಡ್ರಮ್ಮು ಮಾಡಿಕೊಡೆಂದು ಬೇಡಿಕೆ ಬಂತು. ಅವನು ಎಲ್ಲದಕ್ಕೂ ನಳ ಇಟ್ಟೇ ಕೊಟ್ಟ. ಆಲಮಟ್ಟಿಯ ಸಾಹೇಬರು ಒಮ್ಮೆ ಜೀಪು ನಿಲ್ಲಿಸಿ, ಹೊಗೆ ಡ್ರಮ್ಮಿಗೆ ನಳ ಏಕೆಂದು ಕೇಳಿದರಂತೆ. ಅಮೋಘಸಿದ್ಧ ಅವರ ಕಡೆ ಕರುಣೆಯಿಂದ ನೋಡಿ, "ಅಮೆರಿಕಾದಾಗ ಇನ್ನ ಗೊತ್ತಾಗಿಲ್ರಿ ಸಾಹೇಬ್ರ," ಎಂದನಂತೆ.

ಅಮೋಘಸಿದ್ಧನ ಮೊದಲ ಡ್ರಮ್ಮು ಈಗ ಓಣಿಯ ಬಂಬವಾಗಿದೆ. ಚಳಿಗಾಲದಲ್ಲಿ ಅದರ ನೀರು ಮಿಂದು ಬಂದವರ ಹಿಂದೆ ಇವತ್ತಿಗೂ ಒಂದೆರಡು ನಾಯಿ ಬರುತ್ತವೆ. ಸಂಗಣ್ಣ ಬೀಗರ ಮನೆಗೆ ಬಂದಾಗಲೆಲ್ಲ ಗುಂಡವ್ವ ಅದೇ ನಳದಿಂದ ತಂಬಿಗೆ ತುಂಬಿ ತರುತ್ತಾಳೆ. ಅವರು ಮೊದಲು ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಾರೆ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲುತ್ತಾರೆ, ಆಮೇಲೆ ನಿಟ್ಟುಸಿರು ಬಿಟ್ಟು ಕಾಲು ಮುಂದೆ ಚಾಚುತ್ತಾರೆ.